ಸಿಂಬಳದ ಬಣ್ಣ ನೋಡಿ ಮಾತ್ರೆ ನುಂಗಬೇಡಿ ಮಾರಾಯ್ರೆ

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸಿಂಬಳ ಹಸಿರಾದ್ರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಅಂತ ಅರ್ಥ. ಆಂಟಿಬಯೋಟಿಕ್ ತಗೊಳ್ಳಲೇಬೇಕು." ಅದಕ್ಕೆ ಲೈಕೋ ಲೈಕು! ನನಗೆ ಹೊಟ್ಟೆ ಉರಿದು ಹೋಯಿತು.

ಆ ಹಸಿರು ಬ್ಯಾಕ್ಟೀರಿಯಾದ್ದಲ್ಲ ಮಾರಾಯ್ರೆ. ನಮ್ಮದೇ ಬಿಳಿ ರಕ್ತಕಣದ್ದು. ಶೀತದ ವೈರಸ್ ಜೊತೆ ಹೊಡೆದಾಡಲು ಅವು ಮೂಗಿಗೆ ನುಗ್ಗುತ್ತವೆ. ಅವುಗಳೊಳಗೆ ಕಬ್ಬಿಣದ ಅಂಶ ಇರುವ ಹಸಿರು ಕಿಣ್ವ ಇದೆ. ಬೆಳಗ್ಗೆ ಎದ್ದು ಮೂಗು ಒರೆಸಿದರೆ ಟವೆಲ್ ಮೇಲೆ ಗಟ್ಟಿ ಹಸಿರು, ಮಧ್ಯಾಹ್ನ ನೋಡಿದರೆ ತೆಳ್ಳಗೆ ನೀರು. ಅಷ್ಟರಲ್ಲಿ ಬ್ಯಾಕ್ಟೀರಿಯಾ ಓಡಿಹೋಯಿತಾ?

"ಹಾಗಾದ್ರೆ ಮೂಗಲ್ಲಿ ಬ್ಯಾಕ್ಟೀರಿಯಾನೇ ಇಲ್ವಾ?" ಇದೆ! ಶೀತ ಇಲ್ಲದಾಗಲೂ ಇದೆ. ಸುಮಾರು ಮೂವರಲ್ಲಿ ಒಬ್ಬರ ಮೂಗಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಸುಮ್ನೆ ಕೂತಿರುತ್ತದೆ. ಶೀತ ತರುವುದು ವೈರಸ್, ಅದರಲ್ಲೇ 200ಕ್ಕಿಂತ ಜಾಸ್ತಿ ಬಗೆ. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ, ವೈರಸ್ ಮೇಲಲ್ಲ. ದೊಡ್ಡವರ ನೂರು ಶೀತದಲ್ಲಿ ಬ್ಯಾಕ್ಟೀರಿಯಾದ ಸೈನಸ್ ಸೋಂಕಿಗೆ ತಿರುಗುವುದು ಹೆಚ್ಚೆಂದರೆ ಎರಡು. ಎರಡೇ ಎರಡು!

ಆಗುಂಬೆ, ತೀರ್ಥಹಳ್ಳಿ ಕಡೆ ಮಳೆ ಹಿಡಿಯಿತು ಅಂದರೆ ಮನೆಮನೆಯಲ್ಲೂ ಶೀತ. ಮೊನ್ನೆ ಮೆಡಿಕಲ್‌ನಲ್ಲಿ ನನ್ನೆದುರೇ ಒಬ್ಬರು, "ಶೀತಕ್ಕೆ ಆ ಮೂರು ದಿನದ ಆಂಟಿಬಯೋಟಿಕ್ ಕೊಡಿ" ಅಂದರು. ಚೀಟಿ ಕೇಳದೆ ಕೊಟ್ಟೂ ಬಿಟ್ಟರು. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ! ಡಾಕ್ಟರ ಚೀಟಿ ಇಲ್ಲದೆ ತಗೋಬೇಡಿ ಅಂತಲೇ ಆ ಗೆರೆ ಎಳೆದಿರುವುದು.

"ನನಗೆ ಗುಣ ಆಯ್ತಲ್ಲ" ಅಂತೀರಿ. ಶೀತ ವಾರ, ಹತ್ತು ದಿನದಲ್ಲಿ ತಾನಾಗೇ ಇಳಿಯುತ್ತದೆ. ನಾಲ್ಕನೇ ದಿನ ಮಾತ್ರೆ ನುಂಗಿ, ಏಳನೇ ದಿನ ಮಾತ್ರೆಯಿಂದ ಗುಣ ಆಯಿತು ಅಂದರೆ ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅಂದ ಅಜ್ಜಿಯ ಕಥೆ ಅದು.

ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಇದ್ದಾರಲ್ಲ, 1921ರಲ್ಲಿ ಶೀತ ಆದಾಗ ತಮ್ಮ ಸಿಂಬಳವನ್ನೇ ಗಾಜಿನ ತಟ್ಟೆಗೆ ಹಾಕಿದ್ದರು. ಅದರ ಹತ್ತಿರದ ಬ್ಯಾಕ್ಟೀರಿಯಾ ಕರಗುವುದನ್ನು ಕಂಡರು. ಹಾಗೆ ಕರಗಿಸಿದ ಸಿಂಬಳದ ಕಿಣ್ವವೇ ಲೈಸೋಜೈಮ್. ಮದ್ದು ಸಿಂಬಳದಲ್ಲೇ ಇದೆ, ಕೇಳಿದ್ರಾ?

ಹತ್ತು ದಿನ ಕಳೆದರೂ ಇಳಿಯದಿದ್ದರೆ, ಇಳಿದು ಮತ್ತೆ ಜೋರಾದರೆ, 102 ಡಿಗ್ರಿ ಜ್ವರದ ಜೊತೆ ಮೂರ್ನಾಲ್ಕು ದಿನ ಮುಖ ನೋಯುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಇಲ್ಲದಿದ್ದರೆ ಮೆಣಸಿನ ಕಷಾಯ ಕುಡಿದು ಬೆಚ್ಚಗೆ ಮಲಗಿ. ಹಸಿರಾದ್ರೂ ಬೇಡ, ಹಳದಿಯಾದ್ರೂ ಬೇಡ. ಬೇಡ ಅಂದರೆ ಬೇಡ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳಿಸಿ. ಆ ಕಾಮೆಂಟ್ ಹಾಕಿದವರೇ, ಇವತ್ತೂ ಬರೆಯಿರಿ. ಕಾಯ್ತಿರ್ತೇನೆ.