ಅಮೆರಿಕದ ಸರ್ಕಾರಿ ಕಾಡಿನಲ್ಲಿ ಹಂದಿ ಮತ್ತು ಅಳಿಲು ಬೇಟೆ

ಎಲ್ಲರಿಗೂ ನಮಸ್ಕಾರ.

ತೋಟದ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಕಾಡುಹಂದಿ ಬಗ್ಗೆ ಮಲೆನಾಡಿನವರಿಗೆ ಪೀಠಿಕೆ ಬೇಡ. ಅಳಿಲು ಬೇಟೆ ಅಂದ ಕೂಡಲೇ ಮಾತ್ರ ಕೆಲವರು ಮುಖ ಮುಖ ನೋಡಿಕೊಂಡಿರಿ. ಸೇತುವೆಗೆ ಮರಳು ಹೊತ್ತು ರಾಮನ ಕೈಯಲ್ಲಿ ಬೆನ್ನು ಸವರಿಸಿಕೊಂಡ ಪ್ರಾಣಿ, ಅದನ್ನು ಹೊಡೆದು ತಿನ್ನೋದಾ ಅಂತ, ಅಲ್ವಾ? ಹೌದು, ತಿನ್ನುತ್ತಾರೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬ್ರನ್ಸ್‌ವಿಕ್ ಸ್ಟ್ಯೂ ಅಂತ ಒಂದು ಅಡುಗೆ ಇದೆ. ಜೋಳ, ಟೊಮೆಟೊ, ಡಬಲ್ ಬೀನ್ಸ್ ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ. ಹಿಂದೆ ಅದಕ್ಕೆ ಹಾಕುತ್ತಿದ್ದದ್ದು ಅಳಿಲಿನ ಮಾಂಸ. ಈಗ ಹೆಚ್ಚಾಗಿ ಕೋಳಿ.

ಮೊದಲು ನೆಲದ ವಿಷಯ. ಅಮೆರಿಕದಲ್ಲಿ ಸುಮಾರು 64 ಕೋಟಿ ಎಕರೆ, ಅಂದರೆ ದೇಶದ ಶೇ. 28ರಷ್ಟು ನೆಲ, ಕೇಂದ್ರ ಸರ್ಕಾರದ ಕೈಯಲ್ಲಿದೆ. ಅದರಲ್ಲಿ ರಾಷ್ಟ್ರೀಯ ಉದ್ಯಾನಗಳಲ್ಲಿ ಬಹುಮಟ್ಟಿಗೆ ಬೇಟೆ ಇಲ್ಲ. ರಾಷ್ಟ್ರೀಯ ಅರಣ್ಯಗಳಲ್ಲಿ ಇದೆ. ಇದರ ಜೊತೆಗೆ ರಾಜ್ಯ ಸರ್ಕಾರಗಳು ನಡೆಸುವ ಬೇಟೆ ಪ್ರದೇಶಗಳೂ ಇವೆ. ಈ ನೆಲದ ಬಹುಪಾಲು ಇರುವುದು ಪಶ್ಚಿಮದಲ್ಲಿ. ದಕ್ಷಿಣದಲ್ಲಿ ಕಡಿಮೆ. ಟೆಕ್ಸಾಸ್‌ನಲ್ಲಿ ಸುಮಾರು ಶೇ. 95 ನೆಲ ಖಾಸಗಿಯವರದ್ದು. ಹಾಗಾಗಿ ಅಲ್ಲಿ ಸ್ವಂತ ಜಮೀನಿಲ್ಲದ ಬಡ ಬೇಟೆಗಾರ, ಕಾಲೇಜು ಹುಡುಗ, ನಮ್ಮಂಥ ಹೊರಗಿನವರು ಎಲ್ಲರೂ ಸೇರುವುದು ಸರ್ಕಾರಿ ಕಾಡಿನಲ್ಲೇ. ಲೈಸೆನ್ಸ್ ಬೇಕೇ ಬೇಕು. ಬಂದೂಕು, ತೋಟಾ ಕೊಂಡರೆ ಅದರ ಮೇಲೂ ತೆರಿಗೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಉದ್ದ ಬಂದೂಕು ಮತ್ತು ತೋಟಾಗಳಿಗೆ ಶೇ. 11. ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ಈ ಏರ್ಪಾಡು ನನಗೆ ಇಷ್ಟ.

ಅಳಿಲು ಬೇಟೆ ತಾಳ್ಮೆಯ ಕೆಲಸ. ಬೆಳಕು ಹರಿಯುವ ಮುಂಚೆ ಓಕ್ ಅಥವಾ ಹಿಕರಿ ಮರಗಳ ನಡುವೆ ಹೋಗಿ, ಒಂದು ಬುಡಕ್ಕೆ ಬೆನ್ನು ಕೊಟ್ಟು ಸುಮ್ನೆ ಕೂರಬೇಕು. ಮೊದಲು ಅಳಿಲು ಕಾಣುವುದಿಲ್ಲ, ಕೇಳುತ್ತದೆ. ಮೇಲೆ ಹಲ್ಲಿನಲ್ಲಿ ಹಿಕರಿ ಕಾಯಿ ಕೆರೆಯುವ ಕರಕರ ಸದ್ದು. ಆಮೇಲೆ ಸಿಪ್ಪೆಯ ಚೂರುಗಳು ಒಣ ಎಲೆಯ ಮೇಲೆ ಟಪಟಪ ಉದುರುತ್ತವೆ. ನೀವು ಎದ್ದು ಒಂದು ಹೆಜ್ಜೆ ಇಟ್ಟರೆ ಸಾಕು, ಅದು ಕಾಂಡದ ಆಚೆ ಮಗ್ಗುಲಿಗೆ ಸರಿಯುತ್ತದೆ. ನೀವು ಸುತ್ತಿದರೆ ಅದೂ ಸುತ್ತುತ್ತದೆ. ಜೊತೆಗೊಬ್ಬರಿದ್ದರೆ ಅವರನ್ನು ಆಚೆ ಕಡೆ ಕಳಿಸಬೇಕು. ಒಬ್ಬರೇ ಆದರೆ ಕೆಲವರು ಆಚೆಗೊಂದು ಕಡ್ಡಿ ಎಸೆದು ನೋಡುತ್ತಾರೆ. ಕೆಲವು ಸಲ ಮೋಸ ಹೋಗುತ್ತದೆ, ಎಲ್ಲಾ ಸಲ ಅಲ್ಲ. ಬಂದೂಕು ಚಿಕ್ಕದು, ಪಾಯಿಂಟ್ ಟೂ ಟೂ ರೈಫಲ್. ಫೀಸ್ಟ್, ಕರ್ ಅನ್ನೋ ಜಾತಿಯ ನಾಯಿ ಸಾಕಿದವರದ್ದು ಬೇರೆಯೇ ಆಟ. ನಾಯಿ ಮರ ತೋರಿಸಿ ಬೊಗಳುತ್ತದೆ, ಯಜಮಾನ ನಿಧಾನವಾಗಿ ಬರುತ್ತಾನೆ.

ಈ ಅಳಿಲೂ ಒಂದು ಕಾಲದಲ್ಲಿ ಪೀಡೆಯೇ ಆಗಿತ್ತು ಅಂದರೆ ನಂಬುತ್ತೀರಾ? ಜೋಳದ ಹೊಲ ಬರಿದು ಮಾಡುತ್ತಿತ್ತು. 1749ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ತಲೆಗೆ 3 ಪೆನ್ನಿಯಂತೆ ಇನಾಮು ಕೊಟ್ಟರು. 6 ಲಕ್ಷಕ್ಕೂ ಹೆಚ್ಚು ಅಳಿಲಿಗೆ ದುಡ್ಡು ಕೊಟ್ಟು ಖಜಾನೆಯೇ ಸುಸ್ತಾಯಿತು. ಆಮೇಲೆ ಕಾಡು ಕಡಿದರು, ಮಿತಿಯಿಲ್ಲದೆ ಹೊಡೆದರು, ಎಷ್ಟೋ ಕಡೆ ಅಳಿಲು ಅಪರೂಪವಾಯಿತು. ನಂತರ ಬಂದದ್ದು ಬೇಟೆಗೆ ಇಂತಿಷ್ಟೇ ತಿಂಗಳು ಅನ್ನೋ ಋತು ಮತ್ತು ದಿನಕ್ಕೆ ಇಂತಿಷ್ಟೇ ಅನ್ನೋ ಮಿತಿ. ಈಗ ಟೆನ್ನೆಸಿಯಲ್ಲಿ ಒಬ್ಬರಿಗೆ ದಿನಕ್ಕೆ 10, ಜಾರ್ಜಿಯಾದಲ್ಲಿ 12. ಪ್ರತಿ ವರ್ಷ ಹೊಡೆಯುತ್ತಾರೆ, ಆದರೂ ಬೂದು ಅಳಿಲಿಗೆ ಅಲ್ಲಿ ಬರವಿಲ್ಲ.

ಹಂದಿಯ ಕಥೆ ಉಲ್ಟಾ. ಅದು ಆ ಖಂಡದ ಪ್ರಾಣಿಯೇ ಅಲ್ಲ. 1539ರಲ್ಲಿ ಸ್ಪೇನಿನ ದೆ ಸೋಟೊ ದಂಡಿನ ಊಟಕ್ಕೆಂದು ಫ್ಲೋರಿಡಾಕ್ಕೆ ಹಂದಿ ತಂದ. ಆಮೇಲೆ ಬಂದ ವಲಸಿಗರು ಸಾಕುಹಂದಿಗಳನ್ನು ಕಾಡಿಗೆ ಮೇಯಲು ಬಿಟ್ಟರು. 1912ರಲ್ಲಿ ಒಬ್ಬ ಸಾಹುಕಾರ ನಾರ್ತ್ ಕೆರೊಲಿನಾದ ಹೂಪರ್ ಬಾಲ್ಡ್ ಬೆಟ್ಟದಲ್ಲಿ ಶೋಕಿಗೆಂದು ಯುರೋಪಿನ ಕಾಡುಹಂದಿ ತಂದು ಬೇಲಿಯೊಳಗೆ ಬಿಟ್ಟ. ಬೇಲಿ ಹಂದಿಯನ್ನು ಎಷ್ಟು ದಿನ ತಡೆಯುತ್ತದೆ ಅಂತ ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಈಗ ಕನಿಷ್ಠ 35 ರಾಜ್ಯಗಳಲ್ಲಿ ಸುಮಾರು 60 ಲಕ್ಷ ಹಂದಿ ಇವೆ ಅಂತ ಅಲ್ಲಿನ ಕೃಷಿ ಇಲಾಖೆಯ ಲೆಕ್ಕ. ಅವು ಮೇಯ್ದ ಓಕ್ ಮರದಡಿ ನೋಡಬೇಕು. ಪವರ್ ಟಿಲ್ಲರ್ ಓಡಿಸಿದ ಹಾಗಿರುತ್ತದೆ. ಅಳಿಲು, ಜಿಂಕೆ, ಟರ್ಕಿ ಹಕ್ಕಿ ಎಲ್ಲದಕ್ಕೂ ಬೇಕಾದ ಓಕ್ ಕಾಯಿಯನ್ನು ಒಂದು ಹಿಂಡು ಗುಡಿಸಿ ಹಾಕುತ್ತದೆ.

ಎರಡೂ ಒಂದೇ ಮರದಡಿ ಸಿಗುವುದರಿಂದ ಅಳಿಲಿಗೆ ಹೋದವನಿಗೆ ಹಂದಿ ಎದುರಾಗುವುದು ಮಾಮೂಲು. ಹಲವು ರಾಜ್ಯಗಳ ನಿಯಮ ಏನೆಂದರೆ, ಸರ್ಕಾರಿ ಕಾಡಿನಲ್ಲಿ ಆಗ ಯಾವ ಪ್ರಾಣಿಯ ಋತುವೋ ಅದರ ಬಂದೂಕಿನಿಂದಲೇ ಹಂದಿಯನ್ನೂ ಹೊಡೆಯಬೇಕು. ಅಂದರೆ ಅಳಿಲಿನ ಋತುವಿನಲ್ಲಿ ಕೈಯಲ್ಲಿ ಆ ಚಿಕ್ಕ ರೈಫಲ್ಲೇ. ದೊಡ್ಡ ಗಂಡುಹಂದಿಗೆ ಅದರಿಂದ ಈಡು ಹೊಡೆಯುವುದು ನನ್ನ ಮಟ್ಟಿಗೆ ತಲೆಕೆಟ್ಟ ಕೆಲಸ. ಗಾಯಗೊಂಡ ಹಂದಿ ಏನು ಮಾಡುತ್ತದೆ ಅಂತ ನಿಮ್ಮಲ್ಲಿ ಹಿರಿಯರಿಗೆ ಗೊತ್ತು.

ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿದ್ದು ಟೆನ್ನೆಸಿಯ ಕಥೆ. ಅಲ್ಲಿ ದಶಕಗಳ ಕಾಲ ಹಂದಿ ಇದ್ದದ್ದು ಸುಮಾರು 15 ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಭಾಗಗಳಲ್ಲಿ ಮಾತ್ರ. 1999ರಲ್ಲಿ ಸರ್ಕಾರ ಇಡೀ ರಾಜ್ಯಕ್ಕೆ ಹಂದಿ ಬೇಟೆ ತೆರೆಯಿತು. ಮಿತಿ ಇಲ್ಲ, ಎಷ್ಟು ಬೇಕಾದರೂ ಹೊಡೆಯಿರಿ. ಹಂದಿ ಕಡಿಮೆಯಾಗಬೇಕಿತ್ತು ಅಲ್ವಾ? 2011ರ ಹೊತ್ತಿಗೆ 95 ಕೌಂಟಿಗಳಲ್ಲಿ ಹತ್ತಿರ ಹತ್ತಿರ 80ರಲ್ಲಿ ಹಂದಿ ಇತ್ತು! ಅವು ನಡೆದುಕೊಂಡು ಹೋದದ್ದಲ್ಲ. ತಮ್ಮ ಊರಿನ ಹತ್ತಿರವೇ ಬೇಟೆ ಸಿಗಲಿ ಅಂತ ಜನರೇ ಕದ್ದು ತಂದು ಬಿಟ್ಟರು. ಬೇಟೆಯ ರುಚಿ ಹತ್ತಿದವನಿಗೆ ಹಂದಿ ಮುಗಿಯುವುದು ಬೇಕಿರಲಿಲ್ಲ. 2011ರಲ್ಲಿ ಸರ್ಕಾರ ಕಾನೂನು ತಿರುಗಿಸಿತು. ಹಂದಿ ಬೇಟೆಯ ಪ್ರಾಣಿಯಲ್ಲ, ನಾಶ ಮಾಡಬೇಕಾದ ಪ್ರಾಣಿ ಎಂದಿತು. ಕೆಲವೇ ಕಡೆ ಬಿಟ್ಟು ಸರ್ಕಾರಿ ನೆಲದಲ್ಲಿ ಹಂದಿ ಬೇಟೆ ನಿಲ್ಲಿಸಿತು.

ಮಿಸ್ಸೂರಿಯವರು ಇನ್ನೂ ಗಟ್ಟಿ. 2016ರಲ್ಲಿ ರಾಜ್ಯದ ಸಂರಕ್ಷಣಾ ಇಲಾಖೆ ತನ್ನ ನೆಲದಲ್ಲಿ ಹಂದಿ ಬೇಟೆ ನಿಷೇಧಿಸಿತು. ಆಮೇಲೆ 15 ಲಕ್ಷ ಎಕರೆಯ ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯದಲ್ಲೂ ಜಿಂಕೆ, ಟರ್ಕಿ ಋತು ಬಿಟ್ಟು ಉಳಿದ ಕಾಲದಲ್ಲಿ ನಿಷೇಧ. ಬೇಟೆಗಾರರಿಗೆ ಸಿಟ್ಟು ಬಂತು. ಆದರೆ ಲೆಕ್ಕ ನೋಡಿ. ಹಿಂಡಿನಲ್ಲಿ ಒಂದನ್ನು ಹೊಡೆದರೆ ಉಳಿದವು ಚದುರಿ ಹೊಸ ಜಾಗ ಹಿಡಿಯುತ್ತವೆ, ಬೋನಿನ ಹತ್ತಿರ ಸುಳಿಯುವುದಿಲ್ಲ. ಹೆಣ್ಣು ಹಂದಿ ವರ್ಷ ತುಂಬುವ ಮೊದಲೇ ಗಬ್ಬವಾಗುತ್ತದೆ, ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಸಂಖ್ಯೆ ಇದ್ದಷ್ಟೇ ಇರಬೇಕೆಂದರೂ ಪ್ರತಿ ವರ್ಷ ಮೂರರಲ್ಲಿ ಎರಡು ಭಾಗ ತೆಗೆಯಬೇಕು. ರಜೆಯ ದಿನ ಕೋವಿ ಹಿಡಿದು ಬರುವವರಿಂದ ಅದು ಆಗುವುದಿಲ್ಲ. ಇಲಾಖೆಯವರು ವಾರಗಟ್ಟಲೆ ಜೋಳ ಹಾಕಿ, ಕ್ಯಾಮೆರಾ ಇಟ್ಟು, ಕೊನೆಯ ಮರಿಯೂ ದೊಡ್ಡಿಯೊಳಗೆ ಬಂದ ಮೇಲೆ ಮೊಬೈಲಿನಿಂದ ಬಾಗಿಲು ಬೀಳಿಸುತ್ತಾರೆ.

ಮಾಂಸದ ಬಗ್ಗೆ ಯಾರೋ ಮೊದಲೇ ಕೇಳಿದ್ದರು. ಹಂದಿಯನ್ನು ಹಸಿಗೆ ಮಾಡುವಾಗ ಕೈಗವಸು ಕಡ್ಡಾಯ ಅಂತಲೇ ಇಟ್ಟುಕೊಳ್ಳಿ, ಬ್ರುಸೆಲ್ಲಾ ಅನ್ನೋ ರೋಗಾಣು ರಕ್ತದಿಂದ ಮನುಷ್ಯರಿಗೆ ಬರುತ್ತದೆ. ಒಳಗೆ 71 ಡಿಗ್ರಿ ಬಿಸಿ ಮುಟ್ಟುವವರೆಗೆ ಬೇಯಿಸಬೇಕು. ಬೇಟೆಗಾರ ಹೊಡೆದ ಮಾಂಸವನ್ನು ಅಲ್ಲಿ ಮಾರುವ ಹಾಗಿಲ್ಲ.

ಇನ್ನು ನಮ್ಮ ಕಡೆ. ನಮ್ಮ ಕಾಡುಹಂದಿ ಇಲ್ಲಿಯದೇ ಪ್ರಾಣಿ, ಹುಲಿ ಚಿರತೆಯ ಊಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಹಾಗಾಗಿ ಮಿಸ್ಸೂರಿಯದನ್ನು ಇಲ್ಲಿ ಅಂಟಿಸಲು ಆಗುವುದಿಲ್ಲ. ಆದರೆ ಕೋವಿಗೆ ಪರವಾನಗಿ ಕೊಟ್ಟುಬಿಟ್ಟರೆ ಬೆಳೆ ಉಳಿಯುತ್ತದೆ ಅನ್ನುವವರಿಗೆ ನಾನು ಟೆನ್ನೆಸಿಯ ಕಡೆ ಬೆರಳು ತೋರಿಸುತ್ತೇನೆ. ಕರೆಂಟ್ ಬೇಲಿ, ಸಿಡಿಮದ್ದಿನ ವಿಷಯ ಎತ್ತಲೇಬೇಡಿ. ಅದರಲ್ಲಿ ಸಾಯುವುದು ಆನೆ, ದನ, ಪಕ್ಕದ ಮನೆಯವರು. ನಿಮ್ಮಲ್ಲಿ ಸೋಲಾರ್ ಬೇಲಿ ಹಾಕಿ ಮೆಕ್ಕೆಜೋಳ ಬೆಳೆದವರಿದ್ದರೆ ಮೊದಲು ಅವರು ಮಾತಾಡಲಿ. ಆಮೇಲೆ ಪ್ರಶ್ನೆಗಳನ್ನು ತೆಗೆದುಕೊಳ್ಳೋಣ.