ಅಪ್ಪನ ಹಾಡು ಕೇಳಿ ಬೆಳೆದ ಅಣ್ಣತಮ್ಮಂದಿರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಒಂದು ಯುವ ಬ್ಯಾಂಡಿನ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ. ಹೆಸರು ದಿ ಲೆಮನ್ ಟ್ವಿಗ್ಸ್. ಬ್ರಯಾನ್ ಮತ್ತು ಮೈಕೆಲ್ ಡಡಾರಿಯೊ ಎಂಬ ಅಣ್ಣತಮ್ಮಂದಿರು ಕಟ್ಟಿದ ತಂಡ ಇದು. ಇಬ್ಬರೂ ನ್ಯೂಯಾರ್ಕ್ ನಗರದ ಪೂರ್ವಕ್ಕಿರುವ ಲಾಂಗ್ ಐಲ್ಯಾಂಡ್‌ನ ಹಿಕ್ಸ್‌ವಿಲ್‌ನವರು. 2016ರಲ್ಲಿ ಅವರ ಮೊದಲ ದೊಡ್ಡ ಆಲ್ಬಮ್ ಹೊರಬಂದಾಗ ಅಣ್ಣನಿಗೆ 19 ವರ್ಷ, ತಮ್ಮನಿಗೆ 17. ಆದರೆ ಹಾಡುಗಳಲ್ಲಿ ಕೇಳಿಸಿದ್ದು ಅವರು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಕಾಲ: ಬೀಟಲ್ಸ್, ಬೀಚ್ ಬಾಯ್ಸ್, ಕಿಂಕ್ಸ್, ದಿ ಹೂ ಎಂಬ 1960ರ ದಶಕದ ತಂಡಗಳ ಕಾಲ.

ಇದಕ್ಕೆ ಕಾರಣ ಮನೆಯಲ್ಲೇ ಇತ್ತು. ಅವರ ತಂದೆ ರಾನಿ ಡಡಾರಿಯೊ ಸಂಗೀತಗಾರ. 1970ರ ದಶಕದಲ್ಲೇ ಹಾಡು ಬರೆದು, ಹಲವು ವಾದ್ಯಗಳನ್ನು ತಾವೇ ನುಡಿಸಿ ಮುದ್ರಿಸಿಕೊಂಡವರು. ದೊಡ್ಡ ಹೆಸರು ಬರಲಿಲ್ಲ. ಮಕ್ಕಳ ಕಿವಿಗೆ ಮಾತ್ರ ಆ ಹಾಡುಗಳೂ ಆ ಕಾಲದ ಸಂಗೀತವೂ ಚಿಕ್ಕಂದಿನಿಂದಲೇ ಬಿದ್ದವು.

ಈ ಬಗೆಯ ಹಾಡಿಗೆ ಪವರ್ ಪಾಪ್ ಎನ್ನುತ್ತಾರೆ. ದಿ ಹೂ ತಂಡದ ಪೀಟ್ ಟೌನ್‌ಶೆಂಡ್ 1967ರಲ್ಲಿ ತಮ್ಮ ಸಂಗೀತವನ್ನು ಹಾಗೆ ಕರೆದರು. ಗಿಟಾರ್ ಜೋರು, ಡ್ರಮ್ ಇನ್ನೂ ಜೋರು. ಅದರ ಮೇಲೆ ಸಾಗುವ ರಾಗ ಮಾತ್ರ ಒಮ್ಮೆ ಕೇಳಿದರೆ ನಾಲಿಗೆಯ ಮೇಲೆ ಕೂರುವಂಥದ್ದು. ಚರಣ, ಪಲ್ಲವಿ, ನಡುವೆ ಒಮ್ಮೆ ಮಾತ್ರ ಬಂದು ಹೋಗುವ ಒಂದು ತಿರುವು, ಮತ್ತೆ ಪಲ್ಲವಿ. ಸುಮಾರು ಮೂರು ನಿಮಿಷಕ್ಕೆ ಹಾಡು ಮುಗಿಯಬೇಕು. ಈ ಇಕ್ಕಟ್ಟಿನಲ್ಲಿ ಒಂದು ಸಾಲು ಸಡಿಲವಾದರೂ ಎದ್ದು ಕಾಣುತ್ತದೆ.

ಇದರ ನಾದಕ್ಕೂ ಒಂದು ಗುರುತಿದೆ. ಹನ್ನೆರಡು ತಂತಿಯ ಗಿಟಾರನ್ನು ಗಮನಿಸಿ. ತಂತಿಗಳು ಜೋಡಿ ಜೋಡಿಯಾಗಿರುತ್ತವೆ. ದಪ್ಪ ತಂತಿಗಳ ಪಕ್ಕದಲ್ಲಿ ಅದೇ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ನುಡಿಯುವ ತೆಳುವಾದ ತಂತಿ. ಬೆರಳು ಎರಡನ್ನೂ ಒಟ್ಟಿಗೆ ಒತ್ತುತ್ತದೆ. ಎರಡರ ಶ್ರುತಿ ಕೂದಲೆಳೆಯಷ್ಟು ಆಚೀಚೆ ಇರುವುದರಿಂದ ನಾದಕ್ಕೆ ಒಂದು ಮಿನುಗು ಬರುತ್ತದೆ. 1964ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಇಂಥ ರಿಕನ್‌ಬ್ಯಾಕರ್ ಗಿಟಾರ್ ಹಿಡಿದರು. ಬೀಟಲ್ಸ್ ನಟಿಸಿದ ಸಿನಿಮಾದಲ್ಲಿ ಅದನ್ನು ಕಂಡ ಅಮೆರಿಕದ ಸಂಗೀತಗಾರ ರೋಜರ್ ಮೆಗ್ವಿನ್ ತಾವೂ ಒಂದನ್ನು ಕೊಂಡು ಬರ್ಡ್ಸ್ ತಂಡದ ಧ್ವನಿಯನ್ನೇ ಅದರ ಮೇಲೆ ಕಟ್ಟಿದರು. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುವುದು ಆಗಲೇ ಶುರುವಾಗಿತ್ತು.

ಈ ಸರಪಳಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕೊಂಡಿ ಬಿಗ್ ಸ್ಟಾರ್. ಅಮೆರಿಕದ ಮೆಂಫಿಸ್ ನಗರದಲ್ಲಿ 1971ರಲ್ಲಿ ಹುಟ್ಟಿದ ತಂಡ. ಕ್ರಿಸ್ ಬೆಲ್, ಅಲೆಕ್ಸ್ ಚಿಲ್ಟನ್, ಆಂಡಿ ಹಮ್ಮಲ್, ಜೋಡಿ ಸ್ಟೀಫನ್ಸ್. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಹೆಸರು ಇಟ್ಟುಕೊಂಡದ್ದು ಒಂದು ದಿನಸಿ ಅಂಗಡಿಯ ಫಲಕ ನೋಡಿ. ಆ ಹೊತ್ತಿಗೆ ರಾಕ್ ಸಂಗೀತ ಉದ್ದುದ್ದ ಗಿಟಾರ್ ವಾದನದ ಕಡೆಗೆ ಹೊರಳಿತ್ತು. ಈ ಹುಡುಗರು ಐದಾರು ವರ್ಷ ಹಳೆಯದಾದ ಬ್ರಿಟಿಷ್ ಹಾಡುಗಳ ಚಿಕ್ಕ ಚೌಕಟ್ಟಿಗೆ ಹಿಂತಿರುಗಿದರು. 1972ರಲ್ಲಿ ಬಂದ ಅವರ ಮೊದಲ ಆಲ್ಬಮ್ಮನ್ನು ವಿಮರ್ಶಕರು ಬಾಯಿ ತುಂಬ ಹೊಗಳಿದರು. ಆದರೆ ವಿತರಣೆ ಹದಗೆಟ್ಟು ರೆಕಾರ್ಡುಗಳು ಅಂಗಡಿಗಳನ್ನೇ ತಲುಪಲಿಲ್ಲ. ಬೆಲ್ ತಂಡ ಬಿಟ್ಟರು. 1978ರಲ್ಲಿ 27ನೇ ವಯಸ್ಸಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಬಿಗ್ ಸ್ಟಾರ್ ಹಾಡುಗಳ ಬೆಲೆಯನ್ನು ಲೋಕ ಅರಿತದ್ದು ಆಮೇಲೆ. ಆರ್.ಇ.ಎಂ., ರಿಪ್ಲೇಸ್‌ಮೆಂಟ್ಸ್ ಮೊದಲಾದ 1980ರ ದಶಕದ ತಂಡಗಳು ಬಿಗ್ ಸ್ಟಾರ್ ಹೆಸರನ್ನು ಎತ್ತಿ ಹಿಡಿದವು. ಈ ಅನ್ಯಾಯ ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಈಗ ಲೆಮನ್ ಟ್ವಿಗ್ಸ್‌ಗೆ ಮರಳೋಣ. 2018ರಲ್ಲಿ ಅವರು ‘ಗೋ ಟು ಸ್ಕೂಲ್’ ಎಂಬ ಆಲ್ಬಮ್ ತಂದರು. ಮನುಷ್ಯರ ಮನೆಯಲ್ಲಿ ಹುಡುಗನಂತೆ ಬೆಳೆಯುವ ಚಿಂಪಾಂಜಿಯೊಂದರ ಕಥೆ ಅದು. ಅದರಲ್ಲಿ ಅತಿಥಿಯಾಗಿ ಬಂದವರಲ್ಲಿ ಒಬ್ಬರು ಬಿಗ್ ಸ್ಟಾರ್‌ನ ಜೋಡಿ ಸ್ಟೀಫನ್ಸ್. ಮೆಂಫಿಸ್‌ನಲ್ಲಿ ಸೋತ ತಂಡದ ಡ್ರಮ್ಮರ್, ತನ್ನ ಮೊಮ್ಮಕ್ಕಳ ವಯಸ್ಸಿನ ಹುಡುಗರ ಜೊತೆ ಕೆಲಸ ಮಾಡಿದರು ಎಂಬುದು ನನಗೆ ದೊಡ್ಡ ಸಮಾಧಾನ.

ಇಬ್ಬರೂ ಹಲವು ವಾದ್ಯ ಬಲ್ಲವರು. ವೇದಿಕೆಯ ಮೇಲೆ ಒಬ್ಬ ಹಾಡುತ್ತ ಗಿಟಾರ್ ನುಡಿಸಿದರೆ ಇನ್ನೊಬ್ಬ ಡ್ರಮ್ ಹಿಂದೆ ಕೂರುತ್ತಾನೆ. ಕಾರ್ಯಕ್ರಮದ ಮಧ್ಯೆ ಜಾಗ ಅದಲು ಬದಲು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅವರ ದನಿಗಳ ಜೋಡಿ. ಒಡಹುಟ್ಟಿದವರು ಜೊತೆಗೆ ಹಾಡಿದಾಗ ಬೇರೆಯವರಿಗೆ ಸುಲಭಕ್ಕೆ ದಕ್ಕದ ಒಂದು ಹೊಂದಿಕೆ ಹುಟ್ಟುತ್ತದೆ. ಗಂಟಲಿನ ರಚನೆಯಲ್ಲಿ ಹೋಲಿಕೆ ಇರುತ್ತದೆ. ಒಂದೇ ಮನೆಯಲ್ಲಿ ಮಾತು ಕಲಿತವರಾದ್ದರಿಂದ ಸ್ವರಾಕ್ಷರಗಳನ್ನು ಒಂದೇ ರೀತಿ ತೆರೆದು, ಒಂದೇ ರೀತಿ ಮುಚ್ಚುತ್ತಾರೆ. ಎವರ್ಲಿ ಸಹೋದರರಲ್ಲೂ, ಬೀಚ್ ಬಾಯ್ಸ್‌ನ ವಿಲ್ಸನ್ ಸಹೋದರರಲ್ಲೂ ಇದೇ ಗುಣವಿತ್ತು.

ಇವರದು ಬರೀ ನಕಲು ಎನ್ನುವವರಿದ್ದಾರೆ. ಮೊದಲ ಆಲ್ಬಮ್ ಕೇಳಿದರೆ ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ ಎನಿಸಬಹುದು. ಅಲ್ಲಿ ಒಂದೇ ಹಾಡಿನೊಳಗೆ ಲಯ ಬದಲಾಗುತ್ತದೆ, ಧಾಟಿ ಬದಲಾಗುತ್ತದೆ. ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳುವ ಹುಡುಗರ ಆತುರ ಅದು. 2023ರ ‘ಎವ್ರಿಥಿಂಗ್ ಹಾರ್ಮನಿ’ ಹೊತ್ತಿಗೆ ಆತುರ ಇಳಿದಿದೆ. ಹಳೆಯ ವಾದ್ಯ, ಹಳೆಯ ಬಗೆಯ ಧ್ವನಿಮುದ್ರಣ ಎಲ್ಲ ಇದೆ. ಆದರೆ ಹಾಡಿನೊಳಗಿನ ಕಳವಳ, ಒಂಟಿತನ ಇವರದೇ. ನಕಲು ಮಾಡುವವನಿಗೆ ಹಳೆಯ ಹಾಡು ಹೇಗೆ ಕೇಳಿಸುತ್ತಿತ್ತು ಎಂಬುದಷ್ಟೇ ಗೊತ್ತು. ಈ ಸಹೋದರರಿಗೆ ಅದನ್ನು ಹೇಗೆ ಕಟ್ಟಿದ್ದರು ಎಂಬುದು ಗೊತ್ತಿದೆ. ಪಲ್ಲವಿಗೆ ಮುನ್ನ ಎಲ್ಲಿ ತಡೆಯಬೇಕು, ಎರಡನೆಯ ದನಿ ಯಾವ ಪದದಲ್ಲಿ ಸೇರಬೇಕು ಎಂಬ ಅರಿವು ರೆಕಾರ್ಡನ್ನು ಮತ್ತೆ ಮತ್ತೆ ಕೇಳಿ, ಕೈಯಾರೆ ನುಡಿಸಿ ನೋಡಿದವರಿಗೆ ಮಾತ್ರ ಬರುವಂಥದ್ದು.

ಕೇಳುವ ಮನಸ್ಸಿದ್ದವರು ಮೃದುವಾದ ಹಾಡು ಬೇಕಿದ್ದರೆ ಈ 2023ರ ಆಲ್ಬಮ್‌ನಿಂದ ತೊಡಗಿ. ಗಿಟಾರಿನ ಹುರುಪು ಬೇಕಿದ್ದರೆ 2024ರ ‘ಎ ಡ್ರೀಮ್ ಈಸ್ ಆಲ್ ವಿ ನೋ’ ತೆಗೆದುಕೊಳ್ಳಿ. ಮೊದಲ ಸಲ ರಾಗದ ಜೊತೆ ಹೋಗಿ. ಎರಡನೆಯ ಸಲ ಮುಖ್ಯ ಗಾಯಕನನ್ನು ಬಿಟ್ಟು ಅವನ ಜೊತೆಗಿರುವ ದನಿಯೊಂದನ್ನೇ ಹಿಂಬಾಲಿಸಿ. ಆಮೇಲೆ ಬಿಗ್ ಸ್ಟಾರ್‌ನ 1972ರ ಆಲ್ಬಮ್ ಹಾಕಿಕೊಳ್ಳಿ. ಐವತ್ತು ವರ್ಷ ಹಿಂದೆ ಅಂಗಡಿಯಲ್ಲಿ ಸಿಗದಿದ್ದ ಆ ಹಾಡುಗಳು ಇಂದು ನಿಮ್ಮ ಮೊಬೈಲಿನಲ್ಲಿ ಸಿಗುತ್ತವೆ.

ನಮಸ್ಕಾರ.