ಆಪ್ಟೊಮೆಟ್ರಿ ಕಲಿಯಹೊರಟವರು ಮೊದಲು ನೋಡಬೇಕಾದದ್ದು

(ಕಾಸರಗೋಡು ಜಿಲ್ಲೆಯ ಕುಂಬಳೆ ಪರಿಸರದ ಪ್ಲಸ್ ಟು ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸ)

ಸಭೆಯ ಹಿರಿಯರೇ, ಅಧ್ಯಾಪಕ ಮಿತ್ರರೇ, ಫಲಿತಾಂಶ ಬಂದ ಮೇಲೂ ನೆಮ್ಮದಿಯಿಲ್ಲದೆ ಕುಳಿತಿರುವ ವಿದ್ಯಾರ್ಥಿಗಳೇ,

ನೀಟ್‌ನಲ್ಲಿ ರ‍್ಯಾಂಕ್ ದೂರವಾಯಿತೆಂದು ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಇನ್ನೊಂದು ಪಟ್ಟಿ ತಯಾರಾಗುತ್ತದೆ. ಆ ಪಟ್ಟಿಯ ಕೊನೆಯಲ್ಲೆಲ್ಲೋ ದೃಷ್ಟಿಯನ್ನು ಅಳೆಯುವ ವಿದ್ಯೆಯಾದ ಆಪ್ಟೊಮೆಟ್ರಿಯ ಹೆಸರು ಬರೆದು, ಎಲ್ಲಿ ಸೀಟು ಖಾಲಿಯಿದೆಯೋ ಅಲ್ಲಿಗೆ ಮುಂಗಡ ಕಟ್ಟಿ ಬರುವ ತಂದೆತಾಯಂದಿರನ್ನು ನಾನು ಪ್ರತಿವರ್ಷ ಕಾಣುತ್ತೇನೆ. ಈ ವಿದ್ಯೆಯನ್ನು ಕಲಿಸುವವನಾಗಿ ಅವರಲ್ಲಿ ನನ್ನದೊಂದೇ ಬೇಡಿಕೆ. ಕಾಲೇಜಿನ ಕಟ್ಟಡವನ್ನೂ ಹವಾನಿಯಂತ್ರಿತ ತರಗತಿಗಳನ್ನೂ ನಿಧಾನವಾಗಿ ನೋಡಿದರಾಯಿತು. ಮೊದಲು ಅದರ ಒಪಿಡಿಯನ್ನು, ಎಂದರೆ ಹೊರರೋಗಿಗಳ ವಿಭಾಗವನ್ನು, ನೋಡಿ. ಬೆಳಗ್ಗೆ ಹತ್ತು ಗಂಟೆಗೆ ಅಲ್ಲಿನ ಬೆಂಚುಗಳಲ್ಲಿ ಕಣ್ಣಿನ ರೋಗಿಗಳು ಕುಳಿತಿದ್ದಾರೆಯೇ, ಅವರ ಎದುರು ವಿದ್ಯಾರ್ಥಿಗಳು ಕೈಯಲ್ಲಿ ಉಪಕರಣ ಹಿಡಿದು ಕುಳಿತಿದ್ದಾರೆಯೇ ಎಂಬುದನ್ನು ಗಮನಿಸಿ.

‘ನಾಲ್ಕು ವರ್ಷ ಓದಿ ಕನ್ನಡಕದ ಅಂಗಡಿಯಲ್ಲಿ ಕೂರುವುದೇ?’ ಎಂದು ಕೇಳುವವರಿದ್ದಾರೆ. ಕೂತರೆ ತಪ್ಪೇನೂ ಇಲ್ಲ, ಆದರೆ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡುವ ನೇತ್ರತಜ್ಞರು ಎಂಬಿಬಿಎಸ್ ಮುಗಿಸಿ ಮೇಲೆ ಓದಿದ ವೈದ್ಯರು. ಚೀಟಿಯಲ್ಲಿ ಬರೆದ ಮಸೂರವನ್ನು ಚೌಕಟ್ಟಿಗೆ ಕೂರಿಸಿ ಕೊಡುವವರು ಆಪ್ಟಿಶಿಯನ್. ದೃಷ್ಟಿಯನ್ನು ಅಳೆದು, ಕನ್ನಡಕವನ್ನೋ ಕಾಂಟಾಕ್ಟ್ ಲೆನ್ಸನ್ನೋ ನಿರ್ಧರಿಸಿ, ಮಗುವಿನ ಸೋಮಾರಿ ಕಣ್ಣನ್ನು, ಎಂದರೆ ನೋಟ ಸರಿಯಾಗಿ ಬೆಳೆಯದ ಕಣ್ಣನ್ನು, ಸಮಯಕ್ಕೆ ಗುರುತಿಸಿ, ರೋಗದ ಸುಳಿವು ಕಂಡರೆ ತಜ್ಞರ ಬಳಿಗೆ ಕಳಿಸುವವರು ಆಪ್ಟೊಮೆಟ್ರಿಸ್ಟ್. ವಿಶ್ವ ಆರೋಗ್ಯ ಸಂಸ್ಥೆಯು 2019ರ ವರದಿಯಲ್ಲಿ ಜಗತ್ತಿನ 220 ಕೋಟಿ ಜನರಿಗಾದರೂ ದೃಷ್ಟಿದೋಷವಿದೆಯೆಂದೂ, ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆಯನ್ನು ತಡೆಯಬಹುದಿತ್ತು ಅಥವಾ ಅದಕ್ಕಿನ್ನೂ ಚಿಕಿತ್ಸೆ ದೊರೆತಿಲ್ಲವೆಂದೂ ಹೇಳಿತು. ಅದರಲ್ಲಿ ದೊಡ್ಡ ಪಾಲು ಬರಿಯ ಕನ್ನಡಕದಿಂದ ಸರಿಹೋಗುವಂಥದ್ದು.

ಕಲಿಯುವುದೇನು ಎಂದರೆ, ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನಶಾಸ್ತ್ರ, ಬೆಳಕಿನ ಶಾಸ್ತ್ರ. ಆಮೇಲೆ ಕಣ್ಣಿನ ರೋಗಗಳು, ಎರಡು ಕಣ್ಣುಗಳ ಹೊಂದಾಣಿಕೆ, ಕಾಂಟಾಕ್ಟ್ ಲೆನ್ಸ್, ಮಂದದೃಷ್ಟಿಯವರ ಆರೈಕೆ. ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಇಷ್ಟೆಲ್ಲದರ ನಡುವೆ ಪುಸ್ತಕದಿಂದ ಎಂದೂ ಬಾರದ ವಿದ್ಯೆಯೊಂದಿದೆ, ಕಣ್ಣಿನ ನಂಬರನ್ನು ಬೆಳಕಿನಿಂದ ಅಳೆಯುವ ರೆಟಿನೋಸ್ಕೋಪಿ. ಕತ್ತಲೆಯ ಕೋಣೆಯಲ್ಲಿ ರೋಗಿಯ ಪಾಪೆಯೊಳಕ್ಕೆ ಬೆಳಕಿನ ಗೆರೆಯೊಂದನ್ನು ಹಾಯಿಸಿ, ಒಳಗಿಂದ ಮರಳಿ ಬರುವ ಕೆಂಪು ಹೊಳಪು ನಿಮ್ಮ ಕೈ ಚಲಿಸಿದತ್ತ ಹೋಗುತ್ತದೆಯೋ ಎದುರು ದಿಕ್ಕಿಗೆ ಹೋಗುತ್ತದೆಯೋ ನೋಡಿ, ಆ ಚಲನೆ ನಿಲ್ಲುವವರೆಗೆ ಮಸೂರ ಬದಲಿಸುತ್ತ, ಕೊನೆಗೆ ನೀವು ಕುಳಿತ ದೂರದ ಲೆಕ್ಕವನ್ನು ಕಳೆಯಬೇಕು. 67 ಸೆಂಟಿಮೀಟರ್ ದೂರದಲ್ಲಿದ್ದರೆ ಒಂದೂವರೆ ಡಯಾಪ್ಟರ್ ಕಳೆಯುವುದು; ಡಯಾಪ್ಟರ್ ಎಂದರೆ ಮಸೂರದ ಶಕ್ತಿಯ ಅಳತೆ. ನಂಬರ್ ಅಳೆಯುವ ಯಂತ್ರವಿರುವಾಗ ಇದೇಕೆ ಎಂದು ಜಾಣರು ಕೇಳುತ್ತಾರೆ. ಯಂತ್ರದೊಳಗಿನ ಚಿತ್ರವನ್ನು ನೋಡುವಾಗ ಮಗು ಹತ್ತಿರದ್ದನ್ನು ನೋಡುವಂತೆ ಕಣ್ಣನ್ನು ಬಿಗಿಹಿಡಿಯುತ್ತದೆ, ಯಂತ್ರವು ಇಲ್ಲದ ಮೈನಸ್ ನಂಬರನ್ನು ಮುದ್ರಿಸಿ ಕೊಡುತ್ತದೆ. ಆ ಕಾಗದವನ್ನು ನಂಬದಿರುವ ಧೈರ್ಯ ಬರುವುದು ನೂರಾರು ಕಣ್ಣುಗಳನ್ನು ಸ್ವತಃ ನೋಡಿದ ಮೇಲೆ. ಒಪಿಡಿಯಲ್ಲಿ ಜನರೇ ಇಲ್ಲದ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಪರಸ್ಪರರ ಕಣ್ಣುಗಳನ್ನೇ ನೋಡಿಕೊಂಡು ಪದವಿ ಪಡೆಯುತ್ತಾರೆ, ಆರೋಗ್ಯವಂತ ಇಪ್ಪತ್ತರ ಕಣ್ಣುಗಳನ್ನು.

ಪೆರ್ಲದ ಕಡೆ ನಡೆದ ಶಿಬಿರವೊಂದರ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಇದನ್ನು ಹಿಂದೆ ಕೇಳಿದವರು ಕ್ಷಮಿಸಬೇಕು. ಬೀಡಿ ಕಟ್ಟುವ ಹಿರಿಯ ಹೆಂಗಸೊಬ್ಬರು, ಅರುವತ್ತು ದಾಟಿರಬಹುದು, ಹಿಂದಿನ ಶಿಬಿರದಲ್ಲಿ ಕೊಟ್ಟ ಕನ್ನಡಕವನ್ನು ಸೆರಗಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು. ಇಂಟರ್ನ್ ಹುಡುಗಿ ಮತ್ತೆ ಪರೀಕ್ಷಿಸಿದಳು, ಓದುವ ಪಟ್ಟಿಯನ್ನು ಕೈಗೆ ಕೊಟ್ಟಳು. ಅಜ್ಜಿ ಅತಿ ಸಣ್ಣ ಅಕ್ಷರದ ಸಾಲನ್ನೂ ತಡವರಿಸದೆ ಓದಿದರು. ನಂಬರ್ ಸರಿಯಾಗಿಯೇ ಇದೆಯಲ್ಲ ಎಂದಳು ಹುಡುಗಿ. ‘ಅಕ್ಷರ ಚೆಂದ ಕಾಣುತ್ತದೆ ಮಗಾ, ಆದರೆ ನನಗೆ ಓದಲಿಕ್ಕೆ ಏನುಂಟು? ನೂಲು ಕಾಣುವುದಿಲ್ಲ’ ಎಂದರು ಅಜ್ಜಿ. ಸುತ್ತಲಿದ್ದವರು ನಕ್ಕರು. ಹುಡುಗಿ ನಗಲಿಲ್ಲ, ಅವರನ್ನು ಕುರ್ಚಿಯಿಂದ ಎಬ್ಬಿಸಿ, ಜಗಲಿಯಲ್ಲಿ ಮನೆಯಲ್ಲಿ ಕೂರುವಂತೆಯೇ ಕಾಲು ಚಾಚಿ ಕೂರಿಸಿ, ತೊಡೆಯ ಮೇಲೊಂದು ಮೊರ ಇಡಿಸಿ, ಎಲೆ ಸುರುಳುವಂತೆ ಕೈ ಆಡಿಸಲು ಹೇಳಿ, ಕಣ್ಣಿನಿಂದ ಬೆರಳಿನವರೆಗೆ ಟೇಪ್ ಹಿಡಿದಳು. ಐವತ್ತು ಸೆಂಟಿಮೀಟರ್‌ಗೂ ಸ್ವಲ್ಪ ಹೆಚ್ಚೇ ಇತ್ತು. ಅವರಿಗೆ ಕೊಟ್ಟಿದ್ದುದು ಎರಡೂವರೆ ಡಯಾಪ್ಟರ್, ಅಂದರೆ ನಲುವತ್ತು ಸೆಂಟಿಮೀಟರ್ ದೂರದಲ್ಲಿ ಪತ್ರಿಕೆ ಹಿಡಿದು ಓದುವವರ ಕನ್ನಡಕ. ನೀವೆಲ್ಲ ಪ್ಲಸ್ ಟು ಪರೀಕ್ಷೆಗಾಗಿ ಉರು ಹೊಡೆದ, ಒಂದನ್ನು ಮೀಟರಿನಲ್ಲಿರುವ ಸಂಗಮದೂರದಿಂದ ಭಾಗಿಸುವ ಆ ಸೂತ್ರವೇ ಇಲ್ಲಿ ಬೇಕಾದದ್ದು. ಸುಮಾರು ಅರ್ಧ ಡಯಾಪ್ಟರ್ ಇಳಿಸಿದಾಗ ಅಜ್ಜಿಗೆ ನೂಲು ಕಂಡಿತು. ಪಟ್ಟಿಯ ಕೊನೆಯ ಸಾಲು ಮಸುಕಾಯಿತು; ಅವರೇನೂ ಅದಕ್ಕಾಗಿ ದುಃಖಿಸಲಿಲ್ಲ. ಆ ಹುಡುಗಿ ಓದಿದ ಕಾಲೇಜಿನ ಕಟ್ಟಡ ಹಳೆಯದು, ಮಳೆಗಾಲದಲ್ಲಿ ಸೋರುತ್ತಿತ್ತು. ಒಪಿಡಿ ಮಾತ್ರ ತುಂಬಿರುತ್ತಿತ್ತು.

ಇನ್ನು ಅರ್ಜಿಯ ವಿಷಯ. ಗಡಿಯಲ್ಲಿರುವ ನಮಗೆ ಎರಡು ಬಾಗಿಲುಗಳಿವೆ. ಕೇರಳದಲ್ಲಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಪ್ಯಾರಾಮೆಡಿಕಲ್ ಪದವಿ ಪ್ರವೇಶವನ್ನು ತಿರುವನಂತಪುರದ ಎಲ್‌ಬಿಎಸ್ ಕೇಂದ್ರವು ನಡೆಸುತ್ತದೆ. ಅಲ್ಲಿ ಭೌತ, ರಸಾಯನ, ಜೀವಶಾಸ್ತ್ರದ ಪ್ಲಸ್ ಟು ಅಂಕಗಳೇ ಆಧಾರ. ಗಡಿಯಾಚೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕಾಲೇಜುಗಳಿವೆ, ಮಣಿಪಾಲದಂತಹ ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಅರ್ಜಿ ಕರೆಯುತ್ತವೆ. ಕೆಲವು ಕಡೆ ಜೀವಶಾಸ್ತ್ರದ ಬದಲು ಗಣಿತ ಓದಿದವರಿಗೂ ಅವಕಾಶವಿರುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರೆಂಬ ಅರ್ಹತೆಯಿದ್ದು, ಅದಕ್ಕೊಂದು ಕನ್ನಡ ಭಾಷಾ ಪರೀಕ್ಷೆಯೂ ಉಂಟು. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ, ಇಲ್ಲಿ ಕನ್ನಡಕ್ಕಾಗಿ ಅರ್ಜಿ ಹಿಡಿದು ಕಚೇರಿ ಅಲೆದ ಮಕ್ಕಳು ಅಲ್ಲಿ ಹೋಗಿ ತಮಗೆ ಕನ್ನಡ ಬರುತ್ತದೆಂದು ಸಾಬೀತುಪಡಿಸಬೇಕು. ಇರಲಿ, ಪರೀಕ್ಷೆ ಕಷ್ಟದ್ದಲ್ಲ. ಯಾವ ಬಾಗಿಲಾದರೂ ಆ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದಿ, ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

ಕಾಲೇಜಿನವರಲ್ಲಿ ವಿಶ್ವವಿದ್ಯಾಲಯದ ಸಂಯೋಜನೆಯ ಪತ್ರವನ್ನು ಕೇಳಲು ಸಂಕೋಚ ಬೇಡ. ಇಂಥ ವೃತ್ತಿಗಳ ಶಿಕ್ಷಣದ ಗುಣಮಟ್ಟವನ್ನು ನಿಯಂತ್ರಿಸುವ, ಸಹಾಯಕ ಮತ್ತು ಆರೋಗ್ಯಪಾಲನಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ 2021ರಲ್ಲಿ ಬಂತು, ಆಪ್ಟೊಮೆಟ್ರಿಯೂ ಅದರೊಳಗಿದೆ. ಚೆನ್ನೈಯಲ್ಲಿ ಶಂಕರ ನೇತ್ರಾಲಯದ ಎಲೈಟ್ ಶಾಲೆ 1985ರಲ್ಲೇ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತ್ತೆಂಬುದನ್ನು ನೆನೆದರೆ, ಕಾನೂನು ಎಷ್ಟು ತಡವಾಗಿ ಬಂತೆಂದು ತಿಳಿಯುತ್ತದೆ. ಮನೆಯಲ್ಲೇ ಕುಳಿತು ಅಂಚೆಯ ಮೂಲಕ ಇದನ್ನು ಕಲಿಸುತ್ತೇವೆ ಎನ್ನುವವರನ್ನು ಕೇಳಿ: ನಿಮ್ಮ ಒಪಿಡಿ ಯಾವ ಲಕೋಟೆಯಲ್ಲಿ ಬರುತ್ತದೆ?

ಅಧ್ಯಕ್ಷರು ಎರಡನೆಯ ಬಾರಿ ಗಡಿಯಾರ ನೋಡಿದರು. ಶುಲ್ಕ, ವಿದ್ಯಾರ್ಥಿವೇತನ, ಮುಂದಿನ ಸ್ನಾತಕೋತ್ತರ ಪದವಿಯಾದ ಎಂ.ಆಪ್ಟಮ್, ಇವನ್ನು ವಿಸ್ತರಿಸಲು ಈಗ ವೇಳೆಯಿಲ್ಲ. ವಿದೇಶದ ಬಗ್ಗೆ ಚೀಟಿ ಕಳಿಸಿದವರಿಗೆ ಒಂದೇ ಮಾತು: ಅಮೆರಿಕದಲ್ಲಿ ಸಾಮಾನ್ಯವಾಗಿ ಪದವಿಯ ನಂತರ ಓಎಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಮತ್ತೆ ನಾಲ್ಕು ವರ್ಷ ಓದಬೇಕು, ನಮ್ಮ ಪದವಿಯಿಂದ ನೇರವಾಗಿ ಅಲ್ಲಿ ವೃತ್ತಿ ನಡೆಸಲಾಗದು. ಇಂಗ್ಲಿಷ್ ಪಠ್ಯಪುಸ್ತಕಗಳ ಭಯವಿರುವ ಕನ್ನಡ ಮಾಧ್ಯಮದವರು ಊಟದ ನಂತರ ಹಿಂದಿನ ಕೋಣೆಗೆ ಬನ್ನಿ, ಮೊದಲ ವರ್ಷದ ಪುಸ್ತಕಗಳನ್ನು ತಂದಿದ್ದೇನೆ. ಅಂಕಪಟ್ಟಿಯ ಪ್ರತಿಯನ್ನೂ ಜತೆಗಿಟ್ಟುಕೊಳ್ಳಿ, ಯಾವ ಬಾಗಿಲಿಗೆ ಅರ್ಜಿ ಹಾಕಬಹುದೆಂದು ಒಬ್ಬೊಬ್ಬರದೇ ನೋಡೋಣ.